ಡಬ್ಬಿಯಲ್ಲಿದ್ದ ನನ್ನ ಅಕ್ಷರ

ಪವಾಡಗಳಲ್ಲಿ ನನಗೆ ನಂಬಿಕೆ ಇರಲಿಲ್ಲ ಎಂದರೆ ನಿಮಗೆ ನಗು ಬರಬಹುದು. ಪ್ರತಿ ಭಾನುವಾರ ಚರ್ಚಿಗೆ ಹೋಗುವ ಮುದುಕಿ ಹೇಳುವ ಮಾತಲ್ಲ ಅದು. ಆದರೆ ಕಾನ್ವೆಂಟಿನ ಸಿಸ್ಟರುಗಳು ನನಗೆ ಪ್ರಾರ್ಥನೆಯನ್ನೂ ಗಣಿತವನ್ನೂ ಒಂದೇ ಬೆತ್ತದಿಂದ ಕಲಿಸಿದ್ದರು. ಯಾರಾದರೂ ದರ್ಶನವಾಯಿತು ಎಂದರೆ, ಬೆಳಿಗ್ಗೆ ನಾಷ್ಟಾ ಆಗಿತ್ತೇ ಎಂದು ಕೇಳುವವಳು ನಾನು. ನೀವೂ ನನ್ನನ್ನು ಹಾಗೆಯೇ ಕೇಳಿದರೆ ಬೇಸರವಿಲ್ಲ.

ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ ಪ್ರತಿ ಬುಧವಾರ ಮಧ್ಯಾಹ್ನ ರಾಣೆಬೆನ್ನೂರಿನಿಂದ ಬಸ್ಸು ಹಿಡಿದು ಬ್ಯಾಡಗಿಗೆ ಹೋಗುತ್ತಿದ್ದೆ. ಅಲ್ಲಿಯ ಸಣ್ಣ ಚರ್ಚಿನಲ್ಲಿ ಹೆಂಗಸರ ಪ್ರಾರ್ಥನಾಕೂಟ. ಬರುವವರಲ್ಲಿ ಹೆಚ್ಚಿನವರು ಮೆಣಸಿನಕಾಯಿಯ ತೊಟ್ಟು ಬಿಡಿಸುವವರು; ಕೆಮ್ಮುತ್ತಲೇ ಹಾಡುತ್ತಿದ್ದರು. ತಮ್ಮ ಕಷ್ಟವನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುವುದು, ಓದಿ ಪ್ರಾರ್ಥಿಸಿದ ಮೇಲೆ ಹರಿದುಹಾಕುವುದು ರೂಢಿ. ಬರೆಯಲು ಬಾರದವರಿಗೆ ನಾನೇ ಬರೆದುಕೊಡುತ್ತಿದ್ದೆ. ಕೂಟಕ್ಕೆ ಮುಂಚೆ ಎಲ್ಲವನ್ನೂ ಒಮ್ಮೆ ನೋಡಿ, ಗಟ್ಟಿಯಾಗಿ ಓದಬಾರದ್ದನ್ನು ಪರ್ಸಿಗೆ ಹಾಕಿಕೊಳ್ಳುವುದೂ ನನ್ನ ಕೆಲಸ. ಕುಡುಕ ಗಂಡ, ಅತ್ತೆಯ ಬೈಗುಳ ಇವನ್ನೆಲ್ಲ ಓದಬಹುದಿತ್ತು. ಸಾಯಬೇಕು ಎನ್ನುವ ಮಾತು ಮಾತ್ರ ಬೇಡ, ಅದು ಪಾಪ ಎಂದು ಪಾಸ್ಟರೂ ನಾನೂ ಒಪ್ಪಿದ್ದೆವು.

ಹಾಗೆ ಪರ್ಸಿಗೆ ಹಾಕಿದ ಒಂದು ಚೀಟಿ ರೂತಳದು. ಸಂಡೇ ಸ್ಕೂಲ್ ನಡೆಸುತ್ತಿದ್ದ ಹುಡುಗಿ, ನನ್ನ ಶಿಷ್ಯೆ. ಕೈ ಹಿಡಿದು ನಾನೇ ತಿದ್ದಿಸಿದ ಅಕ್ಷರ, ಹೆಚ್ಚುಕಡಿಮೆ ನನ್ನದರಂತೆಯೇ; ತಕ್ಷಣ ಗುರುತು ಸಿಕ್ಕಿತು. ಬದುಕುವುದು ಬೇಡವಾಗಿದೆ ಎಂದು ಬರೆದಿದ್ದಳು. ಅವಳನ್ನು ಕರೆದು, ಇನ್ನೂ ಹೆಚ್ಚು ಪ್ರಾರ್ಥನೆ ಮಾಡು ಎಂದೆ, ಅಷ್ಟೇ. ಮುಂದಿನ ಬುಧವಾರ ಅವಳಿರಲಿಲ್ಲ. ತಾನಾಗಿ ಜೀವ ಕಳೆದುಕೊಂಡವಳೆಂದು ಶವವನ್ನು ಚರ್ಚಿನೊಳಗೆ ತರಗೊಡಲಿಲ್ಲ. ಗೇಟಿನ ಹೊರಗೆ ಅವಳ ತಾಯಿ ನನ್ನ ಕೈ ಹಿಡಿದಳು. "ಅಕ್ಕೋರ, ನಿಮಗೇನರ ಹೇಳಿದ್ಲೇನ್ರಿ?" ಇಲ್ಲ ಎಂದೆ. ಚೀಟಿ ಪರ್ಸಿನಲ್ಲೇ ಇತ್ತು. ಮುಂದೆಯೂ ಅದನ್ನು ಹರಿಯಲು ಧೈರ್ಯ ಬರಲಿಲ್ಲ.

ವರ್ಷಗಳು ಕಳೆದವು. ನನ್ನ ಯಜಮಾನರು ತೀರಿಕೊಂಡರು. ನಿದ್ದೆ ಹೋಯಿತು. ಕರ್ತನೇ, ಇನ್ನು ಕರೆದುಕೋ ಎಂದು ದಿನಾ ಬೆಳಿಗ್ಗೆ ಹೇಳುತ್ತಿದ್ದೆ. ಮುದುಕಿಯ ಬಾಯಲ್ಲಿ ಅದಕ್ಕೆ ಭಕ್ತಿ ಎನ್ನುತ್ತಾರೆ.

ಅಂಥದೊಂದು ಬುಧವಾರ ಬಸ್ಸು ಕದರಮಂಡಲಗಿಯ ಹತ್ತಿರ ಕೆಟ್ಟು ನಿಂತಿತು. ನಾನು ತಲುಪುವಷ್ಟರಲ್ಲಿ ಹಾಡು ಮುಗಿದಿತ್ತು. ಮೊದಲೇ ಓದಿ ನೋಡುವ ಹೊತ್ತೂ ಶಕ್ತಿಯೂ ಇರಲಿಲ್ಲ. ಬೀರುವಿನಿಂದ ಡಬ್ಬಿ ತೆಗೆದು ನೇರ ಓದತೊಡಗಿದೆ. ನಾಲ್ಕನೆಯದೋ ಐದನೆಯದೋ ಚೀಟಿ: "ಸಾಕಾಗೇತಿ ಯಪ್ಪಾ. ಮುಂದಿನ ಬುಧವಾರ ನನ್ನ ಹಾದಿ ನೋಡಬ್ಯಾಡ್ರಿ."

ಓದಿ ಮುಗಿಸಿದ ಮೇಲೆ ಗಮನಿಸಿದೆ. ಅಕ್ಷರ ನನ್ನದು. ಆ ವಾರ ನಾನು ಯಾರಿಗೂ ಬರೆದುಕೊಟ್ಟಿರಲಿಲ್ಲ.

ಬಾಗಿಲ ಬಳಿ ಕೂತಿದ್ದ ಶಾಂತವ್ವ ಎದ್ದು ನಿಂತಳು. ಎರಡು ತಿಂಗಳಿಂದ ಬರುತ್ತಿದ್ದವಳು, ಮಾತು ಕಡಿಮೆ, ಓದು ಬರಹ ಇಲ್ಲ.

"ಅದು ನನ್ನ ಮಾತರಿ ಅಕ್ಕೋರ. ಮನಸಿನ್ಯಾಗ ಇಟ್ಕೊಂಡಿದ್ದೆ, ಯಾರ ಮುಂದೂ ಆಡಿಲ್ಲ. ನಿಮಗ್ಯಾರು ಹೇಳಿದ್ರು?"

ಅಂದು ಸಂಜೆಯೇ ಎಲ್ಲ ಮುಗಿಸುವುದೆಂದು ನಿಶ್ಚಯಿಸಿ, ಕಡೆಯ ಸಲ ಕೂತುಹೋಗಲು ಬಂದಿದ್ದಳಂತೆ. ಹಿರಿಯಳಾದ ಎಲಿಶವ್ವ ಅವಳ ಸೆರಗು ಹಿಡಿದು ಎಳೆದಳು. "ಯಾರ ಹೇಳಿದ್ರ ಏನವಾ, ಮೊದಲ ಕುಂದ್ರು. ಹಾದಿ ನೋಡೂದು ಬಿಡೂದು ನಮಗ ಬಿಟ್ಟದ್ದು, ಅದನ್ನೂ ನೀನ ಹೇಳ್ತೀಯೇನು?" ಎಂದು ತನ್ನ ಬುತ್ತಿ ಬಿಚ್ಚಿ ರೊಟ್ಟಿ ಕೈಗಿಟ್ಟಳು. ಬೈಬಲ್ಲಿನಲ್ಲಿ ಸಾವು ಬೇಡಿ ಮರದ ಕೆಳಗೆ ಮಲಗಿದ ಪ್ರವಾದಿಗೆ ದೇವರು ಬೈಯಲಿಲ್ಲ, ರೊಟ್ಟಿ ಕೊಟ್ಟು ಮತ್ತೆ ಮಲಗಗೊಟ್ಟನು. ನೂರು ಸಲ ಪಾಠ ಮಾಡಿದ್ದ ಕಥೆ. ನನಗೆ ಅರ್ಥವಾದದ್ದು ಅಂದು.

ಇನ್ನೂ ಪ್ರಾರ್ಥಿಸು ಎಂದು ನಾನು ಹೇಳಲಿಲ್ಲ. ರೂತಳ ಚೀಟಿಯ ವಿಷಯ ಎಲ್ಲರೆದುರು ಹೇಳಿದೆ. ಆ ರಾತ್ರಿ ಇಬ್ಬರು ಶಾಂತವ್ವನ ಮನೆಯಲ್ಲೇ ಉಳಿದರು. ಮರುದಿನ ಅವಳನ್ನು ಹಾವೇರಿಯ ಮನೋವೈದ್ಯೆಯ ಬಳಿ ಕರೆದೊಯ್ದೆ. ಇದು ಡಿಪ್ರೆಶನ್, ಪಾಪವಲ್ಲ, ಕಾಯಿಲೆ. ಔಷಧಿ ಇದೆ ಎಂದರು ಆಕೆ. ಆಮೇಲೆ ನನ್ನ ಮುಖ ನೋಡಿ, "ನಿಮಗ ನಿದ್ದಿ ಹೆಂಗ್ ಬರ್ತದರಿ ಅಮ್ಮಾರ?" ಎಂದರು. ನನಗೂ ಗುಳಿಗೆ ಬರೆದುಕೊಟ್ಟರು. ಈಗಲೂ ನಾವಿಬ್ಬರೂ ಹೋಗುತ್ತೇವೆ. ಶಾಂತವ್ವ ಈಗೀಗ ಹಾಡುತ್ತಾಳೆ, ಶ್ರುತಿ ಬಿಟ್ಟು.

ರ್‍ಯಾಷನಲ್ ಆಗಿ ಯೋಚಿಸಿದ್ದೇನೆ. ನಿದ್ದೆಗೆಟ್ಟ ಯಾವುದೋ ಹೊತ್ತಿನಲ್ಲಿ ನಾನೇ ಬರೆದು ಮರೆತಿರಬಹುದು. ಆದರೆ ಡಬ್ಬಿ ಇದ್ದದ್ದು ಬ್ಯಾಡಗಿಯ ಬೀರುವಿನಲ್ಲಿ. "ಯಪ್ಪಾ" ಎಂದು ನಾನು ಜನ್ಮದಲ್ಲಿ ಬರೆದವಳಲ್ಲ.

ಕೆಲವು ದಿನಗಳ ನಂತರ ರೂತಳ ತಾಯಿಯ ಮನೆಗೆ ಹೋದೆ. ಅಂದು ಸುಳ್ಳು ಹೇಳಿದ್ದೆ ಎಂದೆ. ಆಕೆ ಬೈಯಲಿಲ್ಲ, ಓದಿ ಹೇಳಿರಿ ಎಂದಳು. ಮಗಳ ಚೀಟಿಯನ್ನು ಕಡೆಗೂ ಗಟ್ಟಿಯಾಗಿ ಓದಿದೆ. ಹರಿಯದೆ ಪರ್ಸಿನಲ್ಲೇ ಇಟ್ಟುಕೊಂಡಿದ್ದ ಶಾಂತವ್ವನ ಚೀಟಿಯೂ ಜೊತೆಗೆ ಹೊರಬಂದಿತ್ತು. ಓದು ಬಾರದ ಆ ಹೆಂಗಸು ಎರಡನ್ನೂ ಮೊಣಕಾಲ ಮೇಲೆ ಜೋಡಿಸಿಟ್ಟು ಅಕ್ಷರಗಳ ಮೇಲೆ ಬೆರಳಾಡಿಸಿ ಹೋಲಿಸಿದಳು.

"ಎರಡೂ ನಮ್ಮ ರೂತಾ ಬರದದ್ದೇನ್ರಿ ಅಕ್ಕೋರ?"

ಹೌದು ಎನ್ನಲು ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ. ಇವತ್ತಿಗೂ ಆಗಿಲ್ಲ.