ಒಂದೇ ಮನೆತನದ ಮಾತ್ರೆಗಳು

ಕ್ಷೌರದಂಗಡಿಯವನ ಬಾಯಿಗೆ ಬೀಗವಿರಲಿಲ್ಲ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿದನೆಂದರೆ ಅವನ ನೋವೆಲ್ಲ ಹೊರಬರಬೇಕು, ಇವನ ಮದ್ದೂ ಇಳಿಯಬೇಕು. "ಹಲ್ಲುನೋವಾ? ಐಬುಪ್ರೊಫೇನ್ ಸಾಕು. ಸೊಂಟ ಹಿಡ್ಕೊಂಡ್ರೆ ಡೈಕ್ಲೋಫೆನಾಕ್, ಅದು ಗಟ್ಟಿ ಆಸಾಮಿ. ನ್ಯಾಪ್ರೊಕ್ಸೆನ್ ನಿಧಾನ, ಆದ್ರೆ ರಾತ್ರಿಯಿಡೀ ಕಾಯತ್ತೆ. ಪ್ಯಾರಾಸಿಟಮಾಲ್ ಪಾಪದ್ದು, ಊತ ಇಳಿಸೋದು ಅದರ ಕೈಲಾಗಲ್ಲ." ಇದೆಲ್ಲ ಕುರ್ಚಿಯಲ್ಲಿ ಕೂತವರಿಂದಲೇ ಕೇಳಿ ಕಲಿತದ್ದು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ಇವನದು ದಿನವಿಡೀ ತುಳುಕುತ್ತಿತ್ತು.

ಅಕ್ಕನ ಮಂಡಿ ಊದಿಕೊಂಡಾಗ ಅವಳು ಡಾಕ್ಟರ ಬಳಿ ಹೋಗದೆ ತಮ್ಮನನ್ನು ಕೇಳಿದಳು. ತಾಯಿ ಹೋದ ಮೇಲೆ ಇವನನ್ನು ಸಾಕಿದವಳು ಅವಳೇ. ಅವಳು ಕೇಳಿದಳೆಂದೇ ಇವನಿಗೆ ಹಿಗ್ಗು. "ಬೆಳಿಗ್ಗೆ ಐಬುಪ್ರೊಫೇನ್, ರಾತ್ರಿ ಡೈಕ್ಲೋಫೆನಾಕ್. ಎರಡೂ ಸೇರಿದ್ರೆ ನೋವು ಓಡಲೇಬೇಕು" ಎಂದು ತಾನೇ ತಂದುಕೊಟ್ಟ. ಹೆಸರು ಬೇರೆಯಾದರೂ ಎರಡೂ ಒಂದೇ ಮನೆತನದವು, ಒಟ್ಟಿಗೆ ತೆಗೆದುಕೊಳ್ಳಬಾರದು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಕ್ಕ ಹೃದಯಕ್ಕೆಂದು ದಿನಾ ಆಸ್ಪಿರಿನ್ ನುಂಗುತ್ತಾಳೆಂಬುದು ಗೊತ್ತಿತ್ತು. ಅದೂ ಅವುಗಳ ದಾಯಾದಿಯೇ ಎಂದು ಹೊಳೆಯಲಿಲ್ಲ.

ಕೆಲವೇ ದಿನಗಳಲ್ಲಿ ಅಕ್ಕ ಕಪ್ಪಗೆ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದಳು.

"ಹೊಟ್ಟೇಲಿ ರಕ್ತ ಸೋರ್ತಿದೆ. ಏನೇನು ಮಾತ್ರೆ ತಗೊಂಡ್ರಿ?" ಡಾಕ್ಟರಮ್ಮ ಕೇಳಿದರು.

"ಮಂಡಿಗೆ ಅಂತ ಒಂದು. ನಾನೇ ಅಂಗಡೀಲಿ ಕೇಳಿ ತಗೊಂಡೆ" ಎಂದಳು ಅಕ್ಕ, ತಮ್ಮನ ಕಡೆ ನೋಡದೆ.

"ಈ ವಯಸ್ಸಲ್ಲಿ ಸ್ವಲ್ಪ ಬುದ್ಧಿ ಬೇಡ್ವಾ ನಿಮಗೆ?"

ಅಕ್ಕ ಬೈಗುಳವನ್ನು ತಲೆತಗ್ಗಿಸಿ ನುಂಗಿಕೊಂಡಳು. ಊರಿಗೆಲ್ಲ ಬುದ್ಧಿ ಹೇಳುವವನು ಮಂಚದ ಪಕ್ಕದಲ್ಲೇ ನಿಂತಿದ್ದ. ಬಚ್ಚಿಟ್ಟರೆ ಅವಳ ಜೀವಕ್ಕೇ ಸಂಚಕಾರವೆಂದು ಗೊತ್ತು. ಆದರೂ ಆಚೆ ಮಂಚದ ಬಳಿ ತನ್ನ ಗಿರಾಕಿಯೊಬ್ಬ ಕೂತು ಕೇಳಿಸಿಕೊಳ್ಳುತ್ತಿದ್ದಾನೆಂದು ಬಾಯಿ ಬಿಡಲಿಲ್ಲ. ಅಷ್ಟು ಹೀನ ಮನುಷ್ಯನೇ ತಾನು ಎಂದು ಅವನಿಗೇ ಹೇಸಿಗೆಯಾಯಿತು. ಡಾಕ್ಟರಮ್ಮ ಬಾಗಿಲು ದಾಟುವಾಗ ಹಿಂದೆ ಓಡಿದ. ಎರಡೂ ಮಾತ್ರೆಗಳ ಹೆಸರು ಹೇಳಿದ, ಆಸ್ಪಿರಿನ್ ವಿಷಯ ಹೇಳಿದ, ಕೊಟ್ಟವನು ತಾನೇ ಎಂದೂ ಹೇಳಿದ. ಅವರು ಅವನನ್ನು ಬೈಯದೆ ನರ್ಸನ್ನು ಕೂಗುತ್ತಾ ಒಳಗೆ ಧಾವಿಸಿದರು.

ಮರುದಿನ ಅಕ್ಕ ಕೊಂಚ ಚೇತರಿಸಿಕೊಂಡಳು. ತಮ್ಮನ ಕೈ ಹಿಡಿದು, "ನೀನೂ ದಿನವಿಡೀ ನಿಂತೇ ಕೆಲಸ ಮಾಡೋನು. ಸೊಂಟನೋವು ಅಂತ ಹಿಂಗೇ ಎರಡೆರಡು ನುಂಗ್ತಿದ್ದೀಯೇನೋ? ಬೇಡ ಕಣೋ, ನಿನ್ನ ದಮ್ಮಯ್ಯ" ಎಂದಳು.

ಅವನು ಮುಖ ತಿರುಗಿಸಿಕೊಂಡ. ತನ್ನ ಸೊಂಟದ ವಿಷಯದಲ್ಲಿ ಅವನು ತನ್ನ ಮಾತನ್ನು ಎಂದೂ ನಂಬಿದವನಲ್ಲ. ನೋವು ಬಂದ ಮೊದಲ ದಿನವೇ ಡಾಕ್ಟರಿಗೆ ತೋರಿಸಿದ್ದ.