ಮಾವನ ಪಾಲಿನ ನೀರು

ನನ್ನ ಸೋದರಮಾವ ಅರ್ಧ ಆಯುಸ್ಸು ನೀರಿನ ಟ್ಯಾಂಕರ್ ಓಡಿಸಿದವನು. ಬೀದಿಯವರಿಗೆಲ್ಲ ಅವನು ಟ್ಯಾಂಕರ್ ಮಾವ. ಈಗ ಅವನ ಕಿಡ್ನಿಗಳು ಕೈಕೊಟ್ಟಿವೆ, ಡಯಾಲಿಸಿಸ್ ಮೇಲೆ ಬದುಕು. ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಲ್ಲುತ್ತದೆ, ಜಾಸ್ತಿಯಾದರೆ ಉಸಿರನ್ನೇ ಕಟ್ಟುತ್ತದೆ. ಹಾಗಾಗಿ ಬೆಳಿಗ್ಗೆ ಅತ್ತೆ ಒಂದು ಪುಟ್ಟ ಬಾಟಲಿ ತುಂಬಿಸಿ ಅವನ ಮುಂದಿಡುತ್ತಾಳೆ. ಇಡೀ ದಿನಕ್ಕೆ ಅಷ್ಟೇ. ಊರಿಗೆಲ್ಲ ನೀರು ಹಂಚಿದವನ ಹಣೆಬರಹ ನೋಡಿ ನನಗೆ ಮೈಯೆಲ್ಲ ಉರಿಯುತ್ತದೆ.

ಉರಿ ಬರೀ ದೇವರ ಮೇಲಲ್ಲ, ಮಾವನ ಮೇಲೂ. ಅವನು ಶುದ್ಧ ಕಳ್ಳ. ಸ್ನಾನಕ್ಕೆಂದು ಹೋಗಿ ಷವರಿನ ಕೆಳಗೆ ಬಾಯಿ ತೆರೆದು ನಿಲ್ಲುತ್ತಾನೆ. ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ನೀರು ಹೊರಗೆ ಬರುವುದೇ ಇಲ್ಲ. ಆಸ್ಪತ್ರೆಯಲ್ಲಿ ತೂಕದ ಯಂತ್ರ ಹತ್ತಿದಾಗ ಬಂಡವಾಳವೆಲ್ಲ ಬಯಲು. ಹೋದ ವಾರ ನರ್ಸ್ ರೇಗಿಯೇ ಬಿಟ್ಟಳು.

"ಏನ್ ಅಂಕಲ್, ಮತ್ತೆ ಕುಡಿದಿದೀರಾ? ನಿಮ್ಮ ಹಾರ್ಟು ಇನ್ನೊಂದ್ಸಲ ತಡೆಯೋಲ್ಲ, ಹೇಳ್ಬಿಟ್ಟಿದೀನಿ."

"ಗಾಳಿ ಕುಡಿದ್ರೂ ನಂಗೆ ತೂಕ ಏರುತ್ತಮ್ಮಾ" ಎಂದು ಮಾವ ಮುಖ ಆಚೆ ತಿರುಗಿಸಿದ.

ಇದರ ನಡುವೆಯೇ ಆಗಮನ ಕಾಲ ಬಂದಿತ್ತು. ಕ್ರಿಸ್‌ಮಸ್‌ಗೆ ಮುಂಚಿನ ಈ ವಾರಗಳಲ್ಲಿ ಕಾಯಬೇಕು, ಪ್ರಾರ್ಥಿಸಬೇಕು, ಇಷ್ಟದ್ದೇನಾದರೂ ಬಿಡಬೇಕು ಎಂದು ನಮ್ಮ ಪಾಸ್ಟರ್ ಪ್ರತಿವರ್ಷ ಹೇಳುತ್ತಾರೆ. ಒಬ್ಬರು ಸಕ್ಕರೆ ಬಿಟ್ಟರು, ಇನ್ನೊಬ್ಬರು ಟಿವಿ ಬಿಟ್ಟರು. ನಾನು ಸಿಟ್ಟು ಬಿಟ್ಟೆ, ಚರ್ಚಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ವಾಪಸ್ ಬಂತು. ಈ ಭಾನುವಾರ ಪಾಸ್ಟರರ ಉಪದೇಶವೋ, ದೇವರಿಗಾಗಿ ಬಾಯಾರುವುದರ ಬಗ್ಗೆ! ಮಾವ ನಡುವೆಯೇ ಎದ್ದು ಹೊರಗೆ ನಡೆದ. ನಾನು ಹಿಂದೆಯೇ ಓಡಿದೆ.

"ಇವರಿಗೆ ಬಾಯಾರಿಕೆ ಅಂದ್ರೆ ಬರೀ ಮಾತು" ಎಂದು ಗೇಟಿನ ಹತ್ತಿರ ಹಲ್ಲು ಕಡಿದ. "ಒಂದು ಲೋಟ ನೀರು ಕೊಡೋಕಾಗದ ದೇವ್ರು ನಂಗೆ ಶಾಂತಿ ಕೊಡ್ತಾನಂತೆ!"

ನಿಜ ಹೇಳಬೇಕೆಂದರೆ ಆ ವಿಷಯದಲ್ಲಿ ನಾನೂ ಅವನ ಕಡೆಯೇ.

ಮಾರನೆಯ ಸಂಜೆ ಪಾಸ್ಟರ್ ಮನೆಗೆ ಬಂದರು. ಅತ್ತೆ ನೀರು ತಂದಿಟ್ಟಳು. ಅವರು ಮಾವನ ಮುಖ ನೋಡಿ ಲೋಟ ಪಕ್ಕಕ್ಕೆ ಸರಿಸಿದರು. ಅಷ್ಟಕ್ಕೇ ಮಾವ ಸಿಡಿದ.

"ಕುಡೀರಿ ಪಾಸ್ಟ್ರೇ! ನನ್ನೆದುರು ಯಾರೂ ಕುಡಿಯೋದೇ ಇಲ್ಲ. ಇವಳೂ ಅಷ್ಟೆ, ಅಡುಗೆಮನೇಲಿ ಬಚ್ಚಿಟ್ಕೊಂಡು ಕುಡೀತಾಳೆ. ನಾನೇನು ಹೆಣಾನಾ?"

"ನಾನೆಲ್ಲಿ ಕುಡೀತೀನಿ?" ಎಂದು ಅತ್ತೆ ಬಾಯಿ ತಪ್ಪಿ ಅಂದುಬಿಟ್ಟಳು.

ಪಾಸ್ಟರ್ ಅವಳ ತುಟಿ ನೋಡಿದರು. ಒಡೆದು ಸಿಪ್ಪೆ ಎದ್ದಿತ್ತು. ಒಂದೇ ಮನೆಯಲ್ಲಿದ್ದೂ ನಾನು ಗಮನಿಸಿರಲಿಲ್ಲ.

"ಈ ಸಲ ನೀವೇನಮ್ಮಾ ಬಿಟ್ಟಿರೋದು?"

"ಅವರ ಬಾಟಲಿ ಅಳತೇನೇ ನನಗೂ, ಅಷ್ಟೇ ಕುಡಿಯೋದು. ಅವರ ಸಂಕಟ ನಂಗೂ ಗೊತ್ತಾದ್ರೆ, ಪ್ರಾರ್ಥನೇಲಿ ಏನು ಕೇಳ್ಬೇಕು ಅಂತಾದ್ರೂ ತಿಳಿಯುತ್ತೆ ಅಂದ್ಕೊಂಡೆ."

"ಅಯ್ಯೋ, ನೀರು ಬಿಡಿ ಅಂತ ನಾನು ಹೇಳ್ಲಿಲ್ಲಮ್ಮಾ!" ಪಾಸ್ಟರ್ ಕಕ್ಕಾಬಿಕ್ಕಿಯಾದರು.

ಇವನು ಷವರಿನ ಕೆಳಗೆ ಹೊಟ್ಟೆ ತುಂಬ ಕುಡಿಯುತ್ತಿದ್ದಾಗ ಇವಳು ಪ್ರಾಮಾಣಿಕವಾಗಿ ಒಣಗುತ್ತಿದ್ದಳು. ಇಬ್ಬರನ್ನೂ ಹಿಡಿದು ಜಾಡಿಸಬೇಕೆನಿಸಿತು.

ಅಷ್ಟರಲ್ಲಿ ಮಾವ ಎದ್ದು ಪಾಸ್ಟರರ ಮುಂದಿದ್ದ ಲೋಟ ಎತ್ತಿಕೊಂಡ. ನೀರು ತುಳುಕಿ ಬೆರಳ ಮೇಲೆ ಚೆಲ್ಲಿತು. ಕುಡಿದೇ ಬಿಡುತ್ತಾನೆ ಅಂದುಕೊಂಡೆ. ಅವನು ಅದನ್ನು ಅತ್ತೆಯ ಬಾಯಿಗೆ ಹಿಡಿದ.

"ಕುಡಿಯೇ."

"ಹಬ್ಬದ ತನಕ ಅಂತ ದೇವ್ರಿಗೆ ಮಾತು ಕೊಟ್ಟಿದೀನಿ ರೀ."

"ಆ ಮಾತು ನಾನು ಉಳಿಸ್ತೀನಿ. ನಿನಗಿಂತ ಜಾಸ್ತಿ ಕುಡಿದಿರೋನು ನಾನು ಕಣೇ. ಬಚ್ಚಲಲ್ಲಿ, ಕದ್ದು."

ಅತ್ತೆ ಅಳುತ್ತ ಕುಡಿದಳು. ಅವಳ ಗಂಟಲಲ್ಲಿ ನೀರಿಳಿಯುವುದನ್ನೇ ಮಾವ ನೋಡುತ್ತ ನಿಂತ. ತಿಂಗಳುಗಟ್ಟಲೆ ಗಂಟಿಕ್ಕಿಕೊಂಡಿದ್ದ ಅವನ ಮುಖ ನಿಧಾನವಾಗಿ ಸಡಿಲವಾಯಿತು.

"ದೇವ್ರೇ" ಎಂದ. ಆಮೇಲೆ ಏನನ್ನೂ ಕೇಳಲಿಲ್ಲ.