ಅತ್ತೆ ಕೆಮ್ಮಿದ ಮಧ್ಯಾಹ್ನ

೨೦೦೯ರ ಮಾತು. ತವರೂರು ರಾಣೇಬೆನ್ನೂರಿನಲ್ಲಿ ಬಾಣಂತನ ಮುಗಿಸಿಕೊಂಡು ಬ್ಯಾಡಗಿಗೆ ಮರಳಿದ್ದೆ. ಸೋಮವಾರ ರಜೆ ಮುಗಿದು, ಕದರಮಂಡಲಗಿಯ ಶಾಲೆಗೆ ಪಾಠ ಹೇಳಲು ಹೋಗಬೇಕಿತ್ತು. ಎದೆಹಾಲು ಕುಡಿಯುವ ಕೂಸನ್ನು ಬಿಟ್ಟು ಬಸ್ಸಿಗೆ ಕಾಯುತ್ತ ನಿಲ್ಲುವುದು ಆಗದ ಮಾತು. ನನ್ನ ಭರವಸೆಯೆಲ್ಲ ಹಾವೇರಿಯಲ್ಲಿ ಕೊಂಡಿದ್ದ ಕರೆಂಟಿನ ಸ್ಕೂಟರ್ ಮೇಲೆ. ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ ಎಂದು ಹಟ ಹಿಡಿದು ತೆಗೆದುಕೊಂಡಿದ್ದೆ.

ಆದರೆ ನಾನು ತವರಿಗೆ ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಹೊಲದಿಂದ ಬಂದ ಮೆಣಸಿನಕಾಯಿ ಚೀಲಗಳನ್ನು ಪಡಸಾಲೆಯಲ್ಲಿ ಅದರ ಸುತ್ತಲೂ, ಕಾಲಿಡುವ ಜಾಗದಲ್ಲೂ ಒಟ್ಟಿದ್ದರು. ಕೀಲಿ ತಿರುಗಿಸಿದೆ. ದೀಪವಿಲ್ಲ, ಹಾರ್ನ್ ಇಲ್ಲ.

"ಮುಂದಿನ ವಾರ ಹಾವೇರಿಗೆ ಒಯ್ದು ತೋರಿಸಿದ್ರಾತು, ಬಿಡು" ಎಂದು ನನ್ನವರು ಮಾರುಕಟ್ಟೆಗೆ ಹೋದರು. ನಾನು ಬಿಡುವವಳೇ? ಚೀಲಗಳ ಸಂದಿಯಲ್ಲಿ ಕೈ ತೂರಿಸಿ ಚಾರ್ಜರ್ ಚುಚ್ಚಿದೆ. ತೆಗೆದು ಮತ್ತೆ ಮತ್ತೆ ಚುಚ್ಚಿದ ಮೇಲೆ ಕೆಂಪು ದೀಪ ಹತ್ತಿತು. "ಜೀವ ಐತ್ರಿ ಇದಕ್ಕ!" ಎಂದು ಅತ್ತೆಯವರಿಗೆ ಕೂಗಿ ಹೇಳಿ, ಹಾಗೇ ಚಾರ್ಜಿಗೆ ಬಿಟ್ಟೆ.

ಅತ್ತೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಯೇ ಘಾಟು. ಎಲ್ಲರೂ ಕೆಮ್ಮುತ್ತಾರೆ, ಸೀನುತ್ತಾರೆ; ಯಾರೂ ತಿರುಗಿ ನೋಡುವುದಿಲ್ಲ. ಅತ್ತೆಯವರು ಮಾತ್ರ ರಾಶಿಯ ನಡುವೆ ಕೂತು ಮೆಣಸಿನಕಾಯಿ ತೊಟ್ಟು ಮುರಿದರೂ ಕೆಮ್ಮಿದವರಲ್ಲ. ನಾನು ಸೀನಿದಾಗಲೆಲ್ಲ, "ರಾಣೇಬೆನ್ನೂರಿನ ಮೂಗು! ಇದನ್ನ ಅಲ್ಲೇ ಬಿಟ್ಟ ಬರಬೇಕಿತ್ತ ನೋಡು ನೀ" ಎಂದು ಕಾಡುತ್ತಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಏನೋ ಕೊಳೆತ ವಾಸನೆ ಬಂತು. "ಗಟಾರ ತುಂಬೇತೇನ?" ಎಂದರು ಅತ್ತೆ. ನಾನೂ ಹಾಗೇ ಅಂದುಕೊಂಡೆ. ಅವರು ಕೂಸನ್ನು ಮಲಗಿಸಲು ಒಳಕೋಣೆಗೆ ಹೋದರು. ನಾನು ಒಗೆದ ಬಟ್ಟೆಯ ಬಕೆಟ್ ಹಿಡಿದು ಎದುರುಮನೆಯ ಖೈರೂನಕ್ಕನ ಅಂಗಳಕ್ಕೆ ಹೋದೆ. ನಮ್ಮ ಮಾಳಿಗೆಯ ತುಂಬ ಮೆಣಸಿನಕಾಯಿ ಹರವಿದ್ದರಿಂದ ಕೂಸಿನ ಬಟ್ಟೆ ಒಣಗುತ್ತಿದ್ದುದು ಆಕೆಯ ಹಗ್ಗದ ಮೇಲೆ.

ಎರಡು ಬಟ್ಟೆ ಹಾಕಿರಬಹುದು, ಕೆಮ್ಮು ಕೇಳಿಸಿತು. ಓಣಿಯಲ್ಲಿ ಯಾರೋ ಎಂದುಕೊಂಡೆ. ಮತ್ತೆ ಕೇಳಿಸಿತು, ನಮ್ಮ ಮನೆಯೊಳಗಿಂದ.

"ಖೈರೂನಕ್ಕಾ, ಅತ್ತಿ ಕೆಮ್ಮಾಕತ್ತಾರ!"

"ಅವರು? ಅವರೆಂದ ಕೆಮ್ಯಾರವಾ?" ಎನ್ನುತ್ತಲೇ ಆಕೆ ಕೈಯಲ್ಲಿದ್ದ ಮೊರ ಬಿಸಾಕಿ ನನ್ನ ಹಿಂದೆ ಓಡಿಬಂದಳು.

ಬಾಗಿಲು ತಳ್ಳಿದರೆ ಪಡಸಾಲೆ ಕಾಣಲಿಲ್ಲ, ಬರೀ ಹೊಗೆ. ಸ್ಕೂಟರಿಗೆ ತಾಗಿದ್ದ ಚೀಲ ಹೊತ್ತಿಕೊಂಡಿತ್ತು. ಸುಟ್ಟ ಮೆಣಸಿನಕಾಯಿಯ ಘಾಟು ಗಂಟಲು ಹಿಸುಕಿತು. ಒಳಕೋಣೆಗೆ ಇದೊಂದೇ ದಾರಿ. ಮೊಣಕಾಲು ನೋವಿನ ಅತ್ತೆ ಗೋಡೆ ಹಿಡಿಯದೆ ನಡೆಯಲಾರರು. ಬಾಗಿಲ ಬಳಿಯಿದ್ದ ನೀರಿನ ಕೊಡ ಎತ್ತಿದೆ.

"ಏ, ನೀರ ಹಾಕಬ್ಯಾಡ! ಕರೆಂಟ್ ಐತಿ, ಮೊದಲ ಮೇನ್ ತಗಿ!" ಖೈರೂನಕ್ಕ ನನ್ನ ರಟ್ಟೆ ಹಿಡಿದು ಜಗ್ಗಿದಳು.

ಕಣ್ಣು ಮುಚ್ಚಿಕೊಂಡೇ ಗೋಡೆ ತಡಕಾಡಿ ಮೇನ್ ಸ್ವಿಚ್ ಇಳಿಸಿದೆ. ಬಟ್ಟೆಯ ಬಕೆಟ್ಟನ್ನು ಓಡುವಾಗ ಹಿಡಿದೇ ಬಂದಿದ್ದೆ. ಕೂಸಿನ ಒದ್ದೆ ಬಟ್ಟೆಗಳನ್ನೇ ಇಬ್ಬರೂ ಮೂಗುಬಾಯಿಗೆ ಕಟ್ಟಿಕೊಂಡು ಬಗ್ಗಿ ಒಳಗೆ ನುಗ್ಗಿದೆವು. ಅಷ್ಟರಲ್ಲಿ ಕೆಮ್ಮು ನಿಂತಿತು.

ಒಳಕೋಣೆಯ ಬಾಗಿಲು ಜಪ್ಪಯ್ಯ ಎಂದರೂ ಅಲುಗಲಿಲ್ಲ. "ಅತ್ತೀ, ಬಾಗಿಲಾ ತಗೀರಿ!" ಎಂದು ಚೀರಿದೆ. ಇಬ್ಬರೂ ಭುಜ ಕೊಟ್ಟು ನೂಕಿದಾಗ ಚೂರು ಚೂರೇ ಸರಿಯಿತು. ಅತ್ತೆ ಬಾಗಿಲ ಕೆಳಗಿನ ಸಂದಿಗೆ ಕೌದಿ ತುರುಕಿ, ಅದಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಮಂಚವನ್ನು ಹಿತ್ತಲ ಕಿಟಕಿಯ ಕೆಳಗೆ ಎಳೆದು ಕೂಸನ್ನು ಅಲ್ಲಿ ಮಲಗಿಸಿದ್ದರು. ಒಳಗೆ ಬಂದ ಹೊಗೆಯನ್ನೆಲ್ಲ ತಾವೇ ಕುಡಿದಿದ್ದರು. ಕೂಸು ಇನ್ನೂ ನಿದ್ದೆಯಲ್ಲೇ ಇತ್ತು.

ಖೈರೂನಕ್ಕ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದಳು. ನಾನು ಅತ್ತೆಯವರ ಕಂಕುಳಿಗೆ ಕೈಹಾಕಿ ಎಳೆದುಕೊಂಡೇ ಹೊರಗೆ ಬಂದೆ. ಓಣಿಯ ಗಂಡಸರು ಮಣ್ಣು ಸುರಿದು ಬೆಂಕಿ ನಂದಿಸಿದರು. ಸ್ಕೂಟರ್ ಹೊರಗೆಳೆದಾಗ ಬ್ಯಾಟರಿಗಳು ಪೂರಿಯ ಹಾಗೆ ಉಬ್ಬಿದ್ದವು. "ತಿಂಗಳಗಟ್ಟಲೆ ಹಂಗ ಬಿಟ್ರ ಬ್ಯಾಟರಿ ಒಳಗ ಸತ್ತಿರತೈತ್ರಿ. ಆಮ್ಯಾಲ ಕರೆಂಟ್ ಕೊಟ್ರ ತುಂಬಂಗಿಲ್ಲ, ಬರೇ ಕಾದು ಕೊಳೆತ ನಾತ ಬಿಡತೈತಿ" ಎಂದು ಹಾವೇರಿಯ ಮೆಕ್ಯಾನಿಕ್ ಆಮೇಲೆ ಹೇಳಿದ. ಸೋಮವಾರ ನಾನು ಬಸ್ಸಿಗೇ ಹೋದೆ.

ಅವತ್ತು ಖೈರೂನಕ್ಕನ ಕಟ್ಟೆಯ ಮೇಲೆ ನೀರು ಕುಡಿದು ಅತ್ತೆ ಕಣ್ಣು ಬಿಟ್ಟಾಗ ನಾನು ಅಳುತ್ತ ಕೇಳಿದೆ: "ಯಾಕ್ರಿ ಕೂಗಲಿಲ್ಲ?"

"ಗಂಟಲ ಎಲ್ಲಿತ್ತವಾ ಕೂಗಾಕ? ಕೆಮ್ಮಷ್ಟ ಬಂತು" ಎಂದರು. ಸುಧಾರಿಸಿಕೊಂಡು ನನ್ನ ಮುಖ ನೋಡಿದರು. "ರಾಣೇಬೆನ್ನೂರಿನ ಮೂಗ ಹೆಂಗರ ಇರಲಿ, ಕಿವಿ ಚಲೋ ಅದಾವ."

ಅಂದಿನಿಂದ ಅತ್ತೆಯವರಿಗೆ ಒಗ್ಗರಣೆಯ ಘಾಟಿಗೂ ಕೆಮ್ಮು ಬರುತ್ತದೆ. ಬಂದಾಗಲೆಲ್ಲ ನಾನು ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತೇನೆ. "ಏನಾಗಿಲ್ಲ, ನಿನ್ನ ಕೆಲಸ ನೋಡ್ಕೊ ಹೋಗು" ಎಂದು ಗದರುತ್ತಾರೆ. ಆದರೆ ನಾನು ಓಡಿಹೋದಾಗಲೆಲ್ಲ ಅವರ ಕಣ್ಣು ಮೊದಲೇ ಬಾಗಿಲ ಕಡೆಗೆ ಇರುತ್ತದೆ.